ಇಪ್ಪತ್ತು ಕೆಜಿ ಮೆಣಸಿನ ಸೀಟು

ನಮ್ಮ ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಸೋಮವಾರಪೇಟೆಯಿಂದ ದೇವನಹಳ್ಳಿಗೆ ಮಳೆಯಲ್ಲಿ ಜೀಪಿನಲ್ಲಿ ಏಳು ಗಂಟೆ. ಅಲ್ಲಿಂದ ಕೊಲಂಬೊಗೆ ಒಂದೂವರೆ ಗಂಟೆ. ಏಳು ಗಂಟೆ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಜೀಪಿನ ಹಿಂದೆ ಕೂತವನು, ಒಂದೂವರೆ ಗಂಟೆಗೆ ಬಿಸಿನೆಸ್ ಕ್ಲಾಸಿನಲ್ಲಿ ಕಾಲು ಚಾಚಿದೆ. ಬುದ್ಧಿ ಇದ್ದವರು ಉಲ್ಟಾ ಮಾಡುತ್ತಿದ್ದರು.

ಆ ಸೀಟು ನಾನು ತೆಗೆದುಕೊಂಡಿದ್ದಲ್ಲ, ತಗಲಿಕೊಂಡಿದ್ದು. ಜುಲೈನಲ್ಲಿ ತೋಟದಲ್ಲಿ ಮಳೆ ನೋಡುವ ಕೆಲಸವೇ ಜಾಸ್ತಿ ಅಂತ ನಾಲ್ಕು ಜನ ಸ್ನೇಹಿತರು ಸೇರಿ ಶ್ರೀಲಂಕಾ ಟೂರ್ ಹಾಕಿದ್ದೆವು. ಹೊರಡುವ ವಾರ ವಿಮಾನದವರಿಂದ ಒಂದು ಮೇಲ್ ಬಂತು. ಮುಂದಿನ ಸೀಟು ಬೇಕಿದ್ದರೆ ಎಷ್ಟು ಕೊಡ್ತೀರಿ, ನೀವೇ ಹೇಳಿ ಅಂತ. ಹರಾಜು! ಶನಿವಾರಸಂತೆಯಲ್ಲಿ ಹಸಿಮೆಣಸಿನಕಾಯಿ ಕೇಳುವವನ ಹಾಗೆ, ಕೊಡಲ್ಲ ಅನ್ನುವ ಧೈರ್ಯದಲ್ಲಿ ಕಡಿಮೆ ರೇಟು ಹಾಕಿದೆ. ಸಂತೆಯವನಾದರೆ ಮುಖ ತಿರುಗಿಸುತ್ತಿದ್ದ. ಇವರು ಕೊಟ್ಟೇಬಿಟ್ಟರು. ಕಾರ್ಡಿನಿಂದ ಹದಿಮೂರು ಸಾವಿರ ಹೋಯಿತು. ನಾವು ಬೆಳೆಗಾರರು ದುಡ್ಡನ್ನು ರೂಪಾಯಿಯಲ್ಲಿ ಲೆಕ್ಕ ಹಾಕುವುದಿಲ್ಲ. ಅದು ಇಪ್ಪತ್ತು ಕೆಜಿ ಕರಿಮೆಣಸು. ಹೆಂಡತಿಗೆ ಹೇಳಲಿಲ್ಲ.

ವಿಮಾನ ಹತ್ತಿದ ಮೇಲೆ ಸ್ನೇಹಿತರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹಿಂದೆ ಹೋದರು. ಒಬ್ಬ ಸೊಂಟ ಬಗ್ಗಿಸಿ, "ದೊರೆಗಳಿಗೆ ನಮಸ್ಕಾರ" ಅಂದ. ಆಮೇಲೆ ಪರದೆ ಎಳೆದರು. ಅಲ್ಲಿಗೆ ನನ್ನ ಟೂರ್ ಒಂಟಿಯಾಯಿತು. ಪರದೆಯ ಆಚೆ ಮೂವರೂ ಚಕ್ಕುಲಿ ಕಟುಂ ಅನ್ನಿಸಿಕೊಂಡು ನಗುವುದು ಕೇಳುತ್ತಿತ್ತು. ಆ ಚಕ್ಕುಲಿ ನಮ್ಮ ಮನೆಯದೇ.

ಇಪ್ಪತ್ತು ಕೆಜಿ ವಸೂಲು ಮಾಡಲೇಬೇಕು ಅಂತ ನಿರ್ಧರಿಸಿದೆ. ಮೊದಲು ಸೀಟು. ಗುಂಡಿ ಒತ್ತಿದರೆ ಕಾಲು ಮೇಲೆ ಬಂತು. ಇನ್ನೊಂದು ಒತ್ತಿದರೆ ಬೆನ್ನು ಹಿಂದೆ ಹೋಯಿತು. ಮೂರನೆಯದು ಒತ್ತಿದರೆ ದೀಪ ಹತ್ತಿತು. ನಾಲ್ಕನೆಯದನ್ನು ಪಕ್ಕದ ಕೋಟಿನವರು ಕಣ್ಣಲ್ಲೇ ತಡೆದರು. ಅದು ಗಗನಸಖಿಯನ್ನು ಕರೆಯುವುದಂತೆ. ಅಷ್ಟರಲ್ಲಿ ಊಟ ಬಂತು. ಬಟ್ಟೆ ಹಾಸಿದ ಟ್ರೇ, ಪಿಂಗಾಣಿ ತಟ್ಟೆ, ಹೆಬ್ಬೆರಳಿನಷ್ಟು ಚಿಕ್ಕ ಉಪ್ಪಿನ ಡಬ್ಬಿ, ಅದರ ಜೋಡಿಯಾಗಿ ಮೆಣಸಿನಪುಡಿ ಡಬ್ಬಿ. ಮೆಣಸನ್ನು ನೋಡಿ ಹೊಟ್ಟೆ ಉರಿಯಿತು. ತಿನ್ನಲು ಮಾತ್ರ ಆಗಲಿಲ್ಲ. ಬಿಟ್ಟಿ ಅಂತ ಲೌಂಜಿನಲ್ಲಿ ಆರು ಇಡ್ಲಿ ಇಳಿಸಿದ್ದೆ.

ಟೀನಾ ಕಾಫಿನಾ ಅಂತ ಕೇಳಿದರು. ಕಾಫಿ ಬೆಳೆಯುವವನು ವಿಮಾನದಲ್ಲಿ ಕಾಫಿ ಕೇಳಬಾರದು, ಮನಸ್ಸಿಗೆ ಒಳ್ಳೆಯದಲ್ಲ. ಟೀ ಅಂದೆ. ಹಾಗೆ ನೋಡಿದರೆ ಸಿಲೋನಿನಲ್ಲೂ ಒಂದು ಕಾಲಕ್ಕೆ ಕಾಫಿ ತೋಟಗಳೇ ಇದ್ದವು. 1869ರಲ್ಲಿ ಎಲೆಗೆ ತುಕ್ಕು ರೋಗ ಕಾಣಿಸಿಕೊಂಡು ತೋಟಕ್ಕೆ ತೋಟವೇ ಹಾಳಾಯಿತು. ಅವರು ಟೀ ಹಾಕಿ ಹೆಸರು ಮಾಡಿದರು. ನಾವು ಅದೇ ತುಕ್ಕಿಗೆ ಇವತ್ತೂ ಬೋರ್ಡೋ ಅನ್ನುವ ಮೈಲುತುತ್ತ-ಸುಣ್ಣದ ದ್ರಾವಣ ಹೊಡೆಯುತ್ತಾ ಕೂತಿದ್ದೇವೆ. ಯಾರು ಜಾಣರು ಅಂತ ಯೋಚಿಸುತ್ತಾ, ಹಾಯಾಗಿರಲಿ ಅಂತ ಬಲಗಾಲಿನ ಬೂಟು ಕಳಚಿದೆ.

ಕಾಲುಚೀಲ ಕೆಂಪಾಗಿತ್ತು. ಒಳಗಿಂದ ದ್ರಾಕ್ಷಿಯಂಥದ್ದೊಂದು ಉರುಳಿ ನೆಲಹಾಸಿನ ಮೇಲೆ ಬಿತ್ತು.

ಜಿಗಣೆ. ಹೊರಡುವ ಮುಂಚೆ ಚರಂಡಿ ಕಟ್ಟಿಕೊಂಡಿದೆಯಾ ನೋಡೋಣ ಅಂತ ಒಂದು ಗಳಿಗೆ ತೋಟಕ್ಕೆ ಇಳಿದಿದ್ದೆ. ಜಿಗಣೆ ಕಚ್ಚಿದರೆ ಗೊತ್ತಾಗುವುದೇ ಇಲ್ಲ ಅಲ್ವಾ? ರಕ್ತ ಹೆಪ್ಪುಗಟ್ಟದ ಹಾಗೆ ಏನನ್ನೋ ಬಿಟ್ಟು, ಹೊಟ್ಟೆ ತುಂಬಿದ ಮೇಲೆ ತಾನೇ ಕಳಚಿಕೊಳ್ಳುತ್ತದೆ. ಗಾಯ ಮಾತ್ರ ಸೋರುತ್ತಲೇ ಇರುತ್ತದೆ. ಮುಖ ಒರೆಸಲು ಕೊಟ್ಟಿದ್ದ ಬೆಚ್ಚನೆಯ ಬಿಳಿ ಟವೆಲನ್ನು ಗಾಯಕ್ಕೆ ಒತ್ತಿದೆ. ಆಗಲೇ ಗಗನಸಖಿ ಟವೆಲ್ ವಾಪಸ್ ತೆಗೆದುಕೊಳ್ಳಲು ಬಂದಳು. ಅವಳ ನಗು ಅಲ್ಲೇ ನಿಂತಿತು.

"ಸಾರ್, ಡಾಕ್ಟರನ್ನು ಕರೆಯಬೇಕಾ?"

"ಬೇಡಮ್ಮ. ಸುಮ್ನೆ ಜಿಗಣೆ."

ಜಿಗಣೆಗೆ ಇಂಗ್ಲಿಷ್ ಪದ ಆ ಹೊತ್ತಿಗೆ ನೆನಪಾಗಲಿಲ್ಲ. ಬೆರಳು ಮಡಚಿ, ಬಿಚ್ಚಿ, ಅದು ನಡೆಯುವ ರೀತಿ ತೋರಿಸಿದೆ. ಕೋಟಿನವರಿಗೆ ಅರ್ಥವಾಯಿತು. ಅವರು ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡರು. ಅವರ ಸೀಟಿನ ದುಡ್ಡು ಸರಿಯಾಗಿ ಉಪಯೋಗವಾಗಿದ್ದು ಆಗಲೇ ಇರಬೇಕು. ನಾನು ಪಿಂಗಾಣಿ ಡಬ್ಬಿಯ ಉಪ್ಪನ್ನೆಲ್ಲ ಜಿಗಣೆಯ ಮೇಲೆ ಸುರಿದೆ. ನಮ್ಮೂರಿನ ಮದ್ದು, ಮೂವತ್ತು ಸಾವಿರ ಅಡಿ ಎತ್ತರದಲ್ಲೂ ಕೆಲಸ ಮಾಡಿತು. ಕಾಗದದಲ್ಲಿ ಸುತ್ತಿ ಕೊಟ್ಟೆ. ಆ ಹುಡುಗಿ ಕೈಗವಸು ಹಾಕಿಕೊಂಡು, ತಟ್ಟೆಯಲ್ಲಿ ಇಟ್ಟುಕೊಂಡು ಹೋದಳು. ಬಿಸಿನೆಸ್ ಕ್ಲಾಸ್ ಅಂದರೆ ಮರ್ಯಾದೆ, ಒಪ್ಪಬೇಕು.

ಇನ್ನೇನು ಇಳಿಯುತ್ತೇವೆ, ಸೀಟು ನೇರ ಮಾಡಿ ಅಂತ ಘೋಷಣೆಯಾಯಿತು. ನನಗೆ ದೀಪದ ಗುಂಡಿ ಮಾತ್ರ ಸಿಕ್ಕಿತು. ಕೊನೆಗೆ ಅವಳೇ ಬಂದು ನನ್ನನ್ನು ಎಬ್ಬಿಸಿ ಕೂರಿಸಿದಳು. ಆಪರೇಷನ್ ಆದವನನ್ನು ಕೂರಿಸುವ ಹಾಗೆ.

ಹೋಟೆಲಿನಲ್ಲಿ ಕಥೆ ಕೇಳಿ ಸ್ನೇಹಿತರು ಹಾಸಿಗೆಯ ಮೇಲೆ ಬಿದ್ದು ನಕ್ಕರು. ನಾನು ಎಡಗಾಲಿನ ಬೂಟು ಕಳಚಿದೆ. ಆ ಕಾಲುಚೀಲವೂ ಕೆಂಪು. ಪಾದದ ಗಂಟಿನ ಮೇಲೆ ಇನ್ನೊಂದು ಗಾಯ, ಇನ್ನೂ ಸೋರುತ್ತಿದೆ. ಬೂಟು ಕೊಡವಿದೆವು, ಚೀಲ ಉಲ್ಟಾ ಮಾಡಿದೆವು, ಮಂಚದ ಕೆಳಗೆ ಟಾರ್ಚ್ ಬಿಟ್ಟೆವು. ಜಿಗಣೆ ಇಲ್ಲ.

"ಅದು ಅಲ್ಲೇ ಕಾಲು ಚಾಚಿಕೊಂಡು ಮಲಗಿರಬೇಕು ಮಾರಾಯ" ಅಂದ ಒಬ್ಬ.