ಸಿನಾಟ್ರಾ ಅವರ ಮೊದಲ ಆಲ್ಬಂ 1955ರದ್ದಲ್ಲ
ಅಮೆರಿಕದ ಗಾಯಕ ಫ್ರಾಂಕ್ ಸಿನಾಟ್ರಾ ಅವರ ಮೊಟ್ಟಮೊದಲ ಆಲ್ಬಂ 1955ರ 'ಇನ್ ದ ವೀ ಸ್ಮಾಲ್ ಅವರ್ಸ್' ಎಂದು ಹೇಳುವ ಪೋಸ್ಟ್ ಓಡಾಡುತ್ತಿದೆ. ಇದು ತಪ್ಪು. 'ದ ವಾಯ್ಸ್ ಆಫ್ ಫ್ರಾಂಕ್ ಸಿನಾಟ್ರಾ' 1946ರಲ್ಲೇ ಬಂದಿತ್ತು, ಕೊಲಂಬಿಯಾ ಕಂಪನಿಯಿಂದ. 78 ಆರ್‌ಪಿಎಂನ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ನಾಲ್ಕು ಗ್ರಾಮಫೋನ್ ತಟ್ಟೆ, ಎಂಟು ಹಾಡು. ಆಗೆಲ್ಲ ಇಂಥ ತಟ್ಟೆಗಳನ್ನು ಫೋಟೊ ಆಲ್ಬಂ ಥರದ ರಟ್ಟಿನ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಹಾಳೆಗೊಂದು ಜೇಬು, ಜೇಬಿಗೊಂದು ತಟ್ಟೆ. ಆಲ್ಬಂ ಅನ್ನೋ ಹೆಸರು ಬಂದಿದ್ದೇ ಹಾಗೆ ಅಲ್ವಾ? ಒಂದು ಹಾಡು ಮುಗಿದರೆ ಎದ್ದು ಹೋಗಿ ತಟ್ಟೆ ಮಗುಚಬೇಕು.

1955ರದ್ದು ನನಗೂ ಪ್ರಾಣ. ಬೀದಿದೀಪದ ನೀಲಿ ಬೆಳಕಲ್ಲಿ ಸಿಗರೇಟು ಹಿಡಿದು ಒಂಟಿಯಾಗಿ ನಿಂತ ಆ ಮುಖಪುಟವನ್ನು ಮರೆಯೋಕಾಗಲ್ಲ. ಅದರ ವಾದ್ಯ ಸಂಯೋಜನೆ ನೆಲ್ಸನ್ ರಿಡಲ್ ಅವರದು. ಒಂಬತ್ತು ವರ್ಷ ಮೊದಲಿನ ಆಲ್ಬಂನದ್ದು ಆಕ್ಸೆಲ್ ಸ್ಟೋರ್ಡಾಲ್ ಅವರದು.