ವೇಗಕ್ಕೊಂದು ಕರೆ

ಭಾನುವಾರ ಬೆಳಿಗ್ಗೆ ಐದೂವರೆಗೆ ಉಡುಪಿ ಬಿಟ್ಟು, ಹೆಬ್ರಿಯಲ್ಲಿ ಚಹಾ ಕುಡಿದು, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವುದು ನಮ್ಮ ಕಡೆಯ ಬೈಕು ಸವಾರರಿಗೆ ಹಳೆಯ ರೂಢಿ. ನಾನೂ ಎಷ್ಟೋ ವರ್ಷ ಅದನ್ನೇ ಮಾಡಿದವನು. ಆ 14 ತಿರುವುಗಳು ನನಗೆ ಬಾಯಿಪಾಠ ಎಂದೇ ನಂಬಿದ್ದೆ. ಎರಡು ವರ್ಷದ ಹಿಂದೆ ಅಂಥದೊಂದು ಬೆಳಿಗ್ಗೆ, ಎಡಕ್ಕೆ ಹೊರಳುವ ತಿರುವಿನಲ್ಲಿ ನಾನು ಬೈಕು ವಾಲಿಸಿರುವಾಗಲೇ ಎದುರಿನಿಂದ ಮಿನಿ ಬಸ್ಸೊಂದು ಇಳಿದು ಬಂತು. ಹೆದರಿ ಮುಂದಿನ ಬ್ರೇಕು ಒತ್ತಿದೆ. ವಾಲಿದ್ದ ಬೈಕು ನೆಟ್ಟಗಾಗಿ, ತಿರುವನ್ನು ಬಿಟ್ಟು ಬಸ್ಸಿನ ಕಡೆಗೇ ಹೋಯಿತು. ಬಸ್ಸಿನ ಚಾಲಕರು ತಕ್ಷಣ ನಿಲ್ಲಿಸಿದ್ದರಿಂದ ಇಂದು ಇದನ್ನು ಬರೆಯುತ್ತಿದ್ದೇನೆ.

ಆ ದಿನ ನನ್ನಿಂದ ಆದ ತಪ್ಪು ಏನೆಂದು ತಿಳಿದದ್ದು ಆರು ತಿಂಗಳ ನಂತರ, ಚೆನ್ನೈ ಹೊರವಲಯದ ಇರುಂಗಾಟ್ಟುಕೋಟ್ಟೈಯ ರೇಸ್ ಟ್ರ್ಯಾಕಿನಲ್ಲಿ. 1990ರಿಂದ ಇರುವ, 3.717 ಕಿಲೋಮೀಟರ್ ಉದ್ದದ, 12 ತಿರುವುಗಳ ಆ ಟ್ರ್ಯಾಕನ್ನು ಕೆಲವು ದಿನ ನಮ್ಮಂತಹ ಸಾಮಾನ್ಯ ಸವಾರರಿಗೂ ಬಿಡುತ್ತಾರೆ. ಅದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ಅದು ಸ್ಪರ್ಧೆಯಲ್ಲ, ಅಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ. ಅನುಭವಕ್ಕೆ ತಕ್ಕಂತೆ ಸವಾರರನ್ನು ಗುಂಪು ಮಾಡಿ, ಒಂದೊಂದು ಗುಂಪನ್ನು ಹದಿನೈದು ಇಪ್ಪತ್ತು ನಿಮಿಷ ಒಳಗೆ ಬಿಟ್ಟು, ಹೊರಗೆ ಕರೆದು, ಮತ್ತೆ ಬಿಡುತ್ತಾರೆ. ದೊಡ್ಡ ಬೈಕೇ ಬೇಕೆಂದಿಲ್ಲ. ನನ್ನದು 155 ಸಿಸಿಯ ಯಮಹಾ ಆರ್15. ಕಲಿಯುವವನಿಗೆ ಅಷ್ಟು ಧಾರಾಳ ಸಾಕು.

ಬೆಳಿಗ್ಗೆ ಮೊದಲು ಬೈಕಿನ ತಪಾಸಣೆ. ಟಯರು, ಬ್ರೇಕ್ ಪ್ಯಾಡು, ಚೈನು, ಎಣ್ಣೆ ಸೋರಿಕೆ ಎಲ್ಲವನ್ನೂ ನೋಡುತ್ತಾರೆ. ಬಿದ್ದರೆ ಗಾಜು ಚೆಲ್ಲಬಾರದೆಂದು ಹೆಡ್‌ಲೈಟಿಗೆ ಟೇಪು ಸುತ್ತಿಸುತ್ತಾರೆ, ಕನ್ನಡಿ ಬಿಚ್ಚಿಸುತ್ತಾರೆ. ಹಿಂದಿನವನು ಸುರಕ್ಷಿತವಾಗಿ ದಾಟಿ ಹೋಗುವುದು ಹಿಂದಿನವನದೇ ಹೊಣೆಯಾದ್ದರಿಂದ ಕನ್ನಡಿಯ ಅಗತ್ಯವೂ ಅಲ್ಲಿಲ್ಲ. ಬಳಿಕ ಬಾವುಟಗಳ ಪಾಠ: ಹಳದಿ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು, ಕೆಂಪು ಕಂಡರೆ ಎಲ್ಲರೂ ವೇಗ ಇಳಿಸಿ ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ಬೈಕು ನಿಲ್ಲಿಸುವ ಜಾಗಕ್ಕೆ, ಮರಳಬೇಕು. ಇಷ್ಟೆಲ್ಲ ಆದ ಮೇಲೆ ತರಬೇತುದಾರರು ನನ್ನ ಬೈಕಿನ ಬಳಿ ಬಂದು ಇನ್ನೊಂದು ತುಂಡು ಟೇಪು ಹರಿದು ವೇಗದ ಮೀಟರಿಗೇ ಅಂಟಿಸಿಬಿಟ್ಟರು. ಇಡೀ ದಿನ ಎಷ್ಟು ವೇಗದಲ್ಲಿದ್ದೇನೆ ಎಂಬುದು ನನಗೆ ತಿಳಿಯಲಿಲ್ಲ. ತಿಳಿಯದೆ ಇದ್ದುದರಿಂದಲೇ ಉಳಿದದ್ದರ ಮೇಲೆ ಗಮನ ಹೋಯಿತು: ಬ್ರೇಕು ಎಲ್ಲಿ ಹಿಡಿಯುತ್ತೇನೆ, ಎಲ್ಲಿ ಬಿಡುತ್ತೇನೆ, ತಿರುವಿನ ಒಳಗೆ ಹೋಗುವಾಗ ಹ್ಯಾಂಡಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎಂಬುದರ ಮೇಲೆ.

ಮಧ್ಯಾಹ್ನದ ಸುತ್ತಿನಲ್ಲಿ ಅವರು ನನ್ನ ಹಿಂದೆಯೇ ಬಂದರು. ಹೊರಗೆ ಬಂದ ಮೇಲೆ ಒಂದೇ ಮಾತು ಹೇಳಿದರು: ನೀವು ತಿರುವಿನ ಕೊನೆಯನ್ನು ನೋಡುತ್ತಿಲ್ಲ, ಚಕ್ರದ ಮುಂದಿನ ನೆಲವನ್ನು ನೋಡುತ್ತಿದ್ದೀರಿ. ಮುಂದಿನ ಸುತ್ತಿನಲ್ಲಿ ತಲೆ ತಿರುಗಿಸಿ, ತಿರುವು ಮುಗಿದು ರಸ್ತೆ ನೇರವಾಗುವ ಜಾಗದಲ್ಲಿ ಕಣ್ಣು ನೆಟ್ಟೆ. ಬೈಕು ತಾನಾಗಿ ಅಲ್ಲಿಗೆ ಹೋಯಿತು. ಆ ಕ್ಷಣ ಆಗುಂಬೆಯ ಬಸ್ಸು ನೆನಪಾಗಿ ಮೈ ಜುಮ್ಮೆಂದಿತು. ಅಂದು ನನ್ನ ಕಣ್ಣು ಬಸ್ಸಿನ ಮೇಲಿತ್ತು; ಬ್ರೇಕು ಹಿಡಿದ ಗಾಬರಿಯ ಜೊತೆಗೆ ಆ ನೋಟವೂ ನನ್ನನ್ನು ಬಸ್ಸಿನೆಡೆಗೆ ಎಳೆದಿತ್ತು. ಘಾಟಿಯಲ್ಲಿ ಇದನ್ನು ಕಲಿಯಲು ಸಾಧ್ಯವೇ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅಲ್ಲಿ ಇಂದು ಒಣಗಿದ್ದ ತಿರುವಿನಲ್ಲಿ ನಾಳೆ ಪಾಚಿ ಇರುತ್ತದೆ, ಮರಳಿರುತ್ತದೆ, ಲಾರಿಯಿಂದ ಚೆಲ್ಲಿದ ಡೀಸೆಲ್ ಇರುತ್ತದೆ. ಟ್ರ್ಯಾಕಿನಲ್ಲಾದರೆ ಅದೇ ತಿರುವನ್ನು ಒಂದೇ ದಿನದಲ್ಲಿ 30 ಸಲ ಹಾಯ್ದು, ತಪ್ಪಿದ್ದನ್ನು ಎರಡೂವರೆ ನಿಮಿಷದಲ್ಲಿ ಮತ್ತೆ ತಿದ್ದಿಕೊಳ್ಳಬಹುದು.

ಎರಡನೆಯ ಸಲ ಹೋದಾಗ ಬಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಥ್ರಾಟಲ್ ಅವಸರವಾಗಿ ತಿರುಗಿಸಿದ್ದಕ್ಕೆ ಹಿಂದಿನ ಚಕ್ರ ಜಾರಿ, ಬಲಮಗ್ಗುಲಲ್ಲಿ ಜಾರುತ್ತ ಟ್ರ್ಯಾಕಿನ ಹೊರಗೆ ಹೋಗಿ ನಿಂತೆ. ಮೊಣಕೈಯ ಬಳಿ ಚರ್ಮದ ಸೂಟು ಸವೆಯಿತು, ನನ್ನ ಚರ್ಮ ಉಳಿಯಿತು. ಅಲ್ಲಿ ಎದುರಿನಿಂದ ಬರುವ ವಾಹನವಿರಲಿಲ್ಲ, ಮುರಕಲ್ಲಿನ ಗೋಡೆಯಿರಲಿಲ್ಲ, ವಿದ್ಯುತ್ ಕಂಬವಿರಲಿಲ್ಲ; ನಾನು ಏಳುವ ಮೊದಲೇ ಹಳದಿ ಬಾವುಟ ಎದ್ದಿತ್ತು. ಹೀಗೆ ಬಿದ್ದದ್ದು ಹೆದ್ದಾರಿ 66ರಲ್ಲಿ ಆಗಿದ್ದರೆ ಎಂದು ಯೋಚಿಸಿ ನೋಡಿ.

ಖರ್ಚಿನ ಮಾತು ಬಂದಾಗ ಅಮ್ಮ, "ಆ ದುಡ್ಡಲ್ಲಿ ಎಂತಾದರೂ ಉಪಯೋಗಕ್ಕೆ ಬರುವ ಕೆಲಸ ಮಾಡು ಮಾರಾಯ" ಎಂದರು. ಅವರ ಚಿಂತೆ ನ್ಯಾಯವಾದದ್ದೇ. ಹಣ ಬೇಕು, ಬಿದ್ದು ಬೈಕು ಕೆಟ್ಟರೆ ಸಾಮಾನ್ಯ ವಾಹನ ವಿಮೆಯನ್ನು ನೆಚ್ಚಿಕೊಳ್ಳುವಂತಿಲ್ಲ, ರೇಸ್ ಮತ್ತು ವೇಗ ಪರೀಕ್ಷೆಯ ಬಳಕೆಯನ್ನು ಪಾಲಿಸಿ ಹೊರಗಿಟ್ಟಿರುತ್ತದೆ. ಆದರೂ ಸೈಲೆನ್ಸರ್ ಬದಲಿಸಲು ಸಾವಿರಾರು ರೂಪಾಯಿ ಸುರಿಯುವ ನಮ್ಮ ಹುಡುಗರು ಆ ಹಣವನ್ನು ಇಲ್ಲಿಗೆ ಹಾಕಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ವೇಗದ ಆಸೆ ಕೆಟ್ಟದ್ದೆಂದು ನಮ್ಮ ಊರಿನವರು ಹೇಳಲಾರರು. ಕಂಬಳದ ಕೋಣಗಳನ್ನು ನಾವು ಪೇಟೆಯ ರಸ್ತೆಯಲ್ಲಿ ಓಡಿಸುವುದಿಲ್ಲ. ಅದಕ್ಕೆಂದೇ ಕರೆ, ಅಂದರೆ ಕೆಸರಿನ ಓಟದ ಹಾದಿ, ಕಟ್ಟುತ್ತೇವೆ, ಹಿರಿಯ ಕಿರಿಯ ಎಂದು ವಿಭಾಗ ಮಾಡುತ್ತೇವೆ, ಓಟ ಮುಗಿಯುವ ಮಂಜೊಟ್ಟಿಯಲ್ಲಿ ಕೋಣಗಳನ್ನು ಹಿಡಿಯಲು ಜನ ನಿಲ್ಲಿಸುತ್ತೇವೆ. ಬೈಕಿಗೂ ಅಷ್ಟೇ ಏರ್ಪಾಡು ಬೇಕು. ಕರಾವಳಿಯಲ್ಲಿ ಅಂಥ ಜಾಗವಿಲ್ಲದಿರುವಾಗ ಚೆನ್ನೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗಬೇಕಾಗುತ್ತದೆ. ಹಣ ಕಟ್ಟುವ ಮೊದಲು ಆಂಬುಲೆನ್ಸ್ ಇರುತ್ತದೆಯೇ, ಪ್ರತಿ ತಿರುವಿನಲ್ಲೂ ಬಾವುಟ ಹಿಡಿಯುವವರು ಇರುತ್ತಾರೆಯೇ, ಒಂದು ಗುಂಪಿನಲ್ಲಿ ಎಷ್ಟು ಜನ ಎಂದು ಕೇಳಿ. ಉತ್ತರ ತೊದಲಿದರೆ ಹೋಗಬೇಡಿ.

ಚೆನ್ನೈಯ ಮಳೆ ಮುಗಿದ ಮೇಲೆ ಜನವರಿಯಲ್ಲಿ ಮತ್ತೆ ಹೋಗುವವನಿದ್ದೇನೆ. ಪೆಟ್ರೋಲು ಖಾಲಿ ಮಾಡಿ ಮಂಗಳೂರು ಸೆಂಟ್ರಲ್‌ನಿಂದ ಬೈಕನ್ನು ರೈಲಿನಲ್ಲಿ ಪಾರ್ಸೆಲ್ ಹಾಕಿದರೆ ದಾರಿಯ ದಣಿವಿಲ್ಲ. ಜೊತೆಗೆ ಬರುವವರಿದ್ದರೆ ತಿಳಿಸಿ. ನನ್ನ ಹಳೆಯ ಸೂಟು ಕಪಾಟಿನಲ್ಲಿದೆ, ಅಳತೆ ಸರಿಹೋಗುವವರು ಒಯ್ಯಬಹುದು. ಸವೆದ ಬಲ ಮೊಣಕೈಗೆ ಹೊಸ ಚರ್ಮ ಹೊಲಿಸಿದ್ದೇನೆ.