ಕೊಲ್ಲಿಯ ಯಾವ ದಡ?

ಪರದೇಶಕ್ಕೆ ಹೊರಡುವವರು ದೇಶವನ್ನು ಬೇಗ ಆರಿಸಿಬಿಡುತ್ತಾರೆ. ವೀಸಾ ಯಾರು ಕೊಟ್ಟರೋ ಅದೇ ದೇಶ, ಕೆಲಸ ಎಲ್ಲಿ ಸಿಕ್ಕಿತೋ ಅದೇ ಊರು. ತಲೆನೋವು ಶುರುವಾಗುವುದು ಆಮೇಲೆ, ಸಬರ್ಬ್, ಅಂದರೆ ವಾಸಕ್ಕೊಂದು ಬಡಾವಣೆ, ಆರಿಸುವಾಗ. ಮೆಲ್ಬರ್ನ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಹೊಸಬರನ್ನು ಮೊದಲು ಕೇಳುವುದು "ಯಾವ ಸಬರ್ಬು?" ಎಂದು. ಊರಿನಲ್ಲಿ "ಯಾರ ಪೈಕಿ?" ಎಂದು ಕೇಳುತ್ತಿದ್ದ ಪ್ರಶ್ನೆಯ ಜಾಗಕ್ಕೆ ಇದು ಬಂದು ಕೂತಿದೆ, ಕೇಳುವ ಉದ್ದೇಶವೂ ಹೆಚ್ಚುಕಡಿಮೆ ಅದೇ. ಟಾರ್ನೀಟ್ ಅಂದರೆ ಹೊಸ ಮನೆ ಕಟ್ಟಿಸಿದವರು, ಗ್ಲೆನ್ ವೇವರ್ಲಿ ಅಂದರೆ ಮಕ್ಕಳ ಶಾಲೆ ನೋಡಿ ಹೋದವರು, ಪಾಯಿಂಟ್ ಕುಕ್ ಅಂದರೆ ನಮ್ಮವರ ನಡುವೆಯೇ ಇರುವವರು. ನಾವು "ಚೆಲ್ಸಿ" ಅಂದರೆ ಎದುರಿನವರು ಒಂದು ಗಳಿಗೆ ಸುಮ್ಮನಾಗಿ, "ಅಲ್ಲಿ ಯಾರಿದ್ದಾರೆ?" ಎಂದು ಕೇಳುತ್ತಾರೆ. ಯಾರೂ ಇಲ್ಲ ಅಂದರೆ ಅವರಿಗೆ ಅಯ್ಯೋ ಅನಿಸುತ್ತದೆ. ಕಡಲಿದೆ ಅಂದರೆ ಇನ್ನೂ ಹೆಚ್ಚು ಅನಿಸುತ್ತದೆ.

ನನ್ನದು ಮರವಂತೆಯ ಪಕ್ಕದ ಊರು. ಹೆದ್ದಾರಿಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ; ಎರಡರ ನಡುವೆ ಬಸ್ಸು ಹೋಗುವಾಗ ಪ್ರವಾಸಿಗರೆಲ್ಲ ಕಿಟಕಿಗೆ ಅಂಟಿಕೊಳ್ಳುತ್ತಾರೆ, ನಾವು ನಿದ್ದೆ ಮಾಡುತ್ತೇವೆ. ನಮ್ಮ ಯಜಮಾನರದು ಅರಸೀಕೆರೆ. ಅವರಿಗೆ ಕಡಲೆಂದರೆ ಶಾಲಾ ಪ್ರವಾಸದಲ್ಲಿ ನೋಡಿಕೊಂಡು, ಪ್ಯಾಂಟು ಒದ್ದೆ ಮಾಡಿಕೊಂಡು ಬರುವ ಜಾಗ. ಮನೆ ಹುಡುಕಲು ಕೂತಾಗ ಅವರ ಬೇಡಿಕೆ ಎರಡು: ಗಲಾಟೆ ಇರಬಾರದು, ರೈಲು ಇರಬೇಕು. ನನ್ನದು ಒಂದೇ: ಸೂರ್ಯ ನೀರಿನಲ್ಲಿ ಮುಳುಗಬೇಕು.

ಇದು ಕವಿತ್ವವಲ್ಲ. ಕುಂದಾಪುರದ ಕಡೆ ಹುಟ್ಟಿದವರ ತಲೆಯಲ್ಲಿ ಕಡಲು ಇರುವುದೇ ಪಶ್ಚಿಮಕ್ಕೆ. ಬೇರೆ ದಿಕ್ಕಿನಲ್ಲಿ ಕಡಲು ಕಂಡರೆ ನಮಗೆ ತಲೆ ತಿರುಗುತ್ತದೆ. ಚೆನ್ನೈಗೆ ಹೋದಾಗ ನನಗೆ ಬಲ ಎಡವೇ ಗೊತ್ತಾಗಿರಲಿಲ್ಲ. ಹಾಗಾಗಿ ಮೆಲ್ಬರ್ನ್‌ನ ನಕ್ಷೆ ಹರಡಿಕೊಂಡಾಗ ಅರ್ಧ ಊರು ತಾನಾಗಿಯೇ ಪಟ್ಟಿಯಿಂದ ಹೊರಗೆ ಹೋಯಿತು. ಈ ಊರಿರುವುದು ಪೋರ್ಟ್ ಫಿಲಿಪ್ ಎಂಬ ಕೊಲ್ಲಿಯ ನೆತ್ತಿಯ ಮೇಲೆ. ಪಶ್ಚಿಮದ ದಡದ ಆಲ್ಟೋನಾ ಒಳ್ಳೆಯ ಜಾಗ. ಮರಳಿದೆ, ಕಡಲೊಳಕ್ಕೆ ಚಾಚಿದ ಉದ್ದನೆಯ ಕಟ್ಟೆಯಿದೆ, ರೈಲಿದೆ, ನಮ್ಮವರು ತುಂಬಿರುವ ಪಾಯಿಂಟ್ ಕುಕ್ ಪಕ್ಕದಲ್ಲೇ ಇದೆ. ಆದರೆ ಅಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಸೂರ್ಯ ಬಲಗಡೆ ಎಲ್ಲೋ ಮನೆಗಳ ಹಿಂದೆ ಹೋಗಿಬಿಡುತ್ತಾನೆ. "ಅಷ್ಟಕ್ಕೆ ಬೇಡ ಅಂತೀಯಾ?" ಎಂದರು ಇವರು. ಅಷ್ಟಕ್ಕೇ.

ಉಳಿದದ್ದು ಪೂರ್ವದ ದಡ. ಬ್ರೈಟನ್‌ನಿಂದ ಶುರುವಾಗಿ ಫ್ರಾಂಕ್‌ಸ್ಟನ್‌ವರೆಗೆ ಸಬರ್ಬುಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡಿವೆ, ನಗರದಿಂದ ದೂರ ಹೋದಷ್ಟೂ ಬೆಲೆ ಇಳಿಯುತ್ತ ಹೋಗುತ್ತದೆ. ಬ್ರೈಟನ್ ಅನ್ನು ನಾವು ನೋಡಿ ಬಂದೆವು, ಅಷ್ಟೇ. ಅಲ್ಲಿ ಕಡಲತಡಿಯ ಮೇಲೆ ಬಣ್ಣಬಣ್ಣದ ಮರದ ಪೆಟ್ಟಿಗೆಮನೆಗಳ ಸಾಲು ಇದೆ. ಹಿಂದಿನ ಕಾಲದಲ್ಲಿ ಸ್ನಾನಕ್ಕೆ ಬಂದವರು ಬಟ್ಟೆ ಬದಲಾಯಿಸಲು ಕಟ್ಟಿಕೊಂಡವು. ಕರೆಂಟಿಲ್ಲ, ನಲ್ಲಿ ನೀರಿಲ್ಲ, ರಾತ್ರಿ ಮಲಗುವಂತಿಲ್ಲ. ಮಾರಾಟಕ್ಕೆ ಬಂದರೆ ಲಕ್ಷಗಟ್ಟಲೆ ಡಾಲರ್. ನಮ್ಮಲ್ಲಿ ದೋಣಿಯ ಬಲೆ ಇಡುವ ಶೆಡ್ಡು ಇದಕ್ಕಿಂತ ದೊಡ್ಡದು ಎಂದು ನಾನು ಹೇಳಿದೆ. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಕೆಳಗೆ ಇಳಿಯುತ್ತ ಮಾರ್ಡಿಯಾಲಾಕ್‌ಗೆ ಬಂದೆವು. ಅಲ್ಲಿ ನೀರಿನ ಮುಂದೆ ನಿಂತಾಗ ನನಗೆ ಮೊದಲು ಹೊಳೆದದ್ದು ಕೊರತೆ. ಸದ್ದೇ ಇಲ್ಲ. ಜೂನ್ ತಿಂಗಳಲ್ಲಿ ಮನೆಯೊಳಗೆ ಮಾತು ಕೇಳಿಸದಷ್ಟು ಮೊರೆಯುವ, ತಡೆಗೋಡೆಯ ಬಂಡೆಗಳನ್ನೇ ಎಳೆದುಕೊಂಡು ಹೋಗುವ ಕಡಲನ್ನು ಕಂಡವಳಿಗೆ ಇದು ಕಡಲೆಂದು ನಂಬುವುದು ಕಷ್ಟವಾಯಿತು. ಇದಕ್ಕೆ ಕಾರಣವಿದೆ. ಕೊಲ್ಲಿ ಸುಮಾರು 1,900 ಚದರ ಕಿಲೋಮೀಟರಿನಷ್ಟು ದೊಡ್ಡದು, ಆದರೆ ಹೊರಸಮುದ್ರಕ್ಕೆ ತೆರೆದ ಅದರ ಬಾಯಿ ಮೂರೂವರೆ ಕಿಲೋಮೀಟರಿಗಿಂತ ಹೆಚ್ಚಿಲ್ಲ. ಮಹಾಸಾಗರದ ದೊಡ್ಡ ಅಲೆಗಳು ಆ ಬಾಯಲ್ಲೇ ಸುಸ್ತಾಗುತ್ತವೆ. ಆಳವೂ ಅಷ್ಟಕ್ಕಷ್ಟೆ, ಅತಿ ಹೆಚ್ಚೆಂದರೆ 24 ಮೀಟರ್. ಭರತ ಇಳಿತದ ವ್ಯತ್ಯಾಸ ಒಂದು ಮೀಟರಿನೊಳಗೆ. ಪಶ್ಚಿಮದಿಂದ ಗಾಳಿ ಎದ್ದ ದಿನ ಮಾತ್ರ ಸ್ವಲ್ಪ ಸಿಡುಕುತ್ತದೆ.

"ಇದು ಕೆರೆ ಕಣ್ರೀ" ಎಂದೆ.

"ಅದಕ್ಕೇ ಚೆನ್ನಾಗಿದೆ" ಎಂದರು ಇವರು, ಮೊದಲ ಬಾರಿಗೆ ಕಡಲಿನ ಬಗ್ಗೆ ಉತ್ಸಾಹದಿಂದ. ಅರಸೀಕೆರೆಯವರಿಗೆ ಕೆರೆ ಸಿಕ್ಕಿತು, ನನಗೆ ಪಶ್ಚಿಮ ಸಿಕ್ಕಿತು. ಸಂಸಾರದಲ್ಲಿ ಇದಕ್ಕಿಂತ ಒಳ್ಳೆಯ ಒಪ್ಪಂದ ನಾನು ನೋಡಿಲ್ಲ.

ಅಲೆ ಬೇಕೇ ಬೇಕು ಅನ್ನುವವರು ಕೊಲ್ಲಿಯ ಬಾಯಿ ದಾಟಿ ಹೊರದಡಕ್ಕೆ ಹೋಗಬೇಕು. ಅಲ್ಲಿ ಪೋರ್ಟ್‌ಸೀ ಹತ್ತಿರದ ಷೆವಿಯಟ್ ಬೀಚಿನಲ್ಲಿ 1967ರ ಡಿಸೆಂಬರ್ 17ರಂದು ಈಜಲು ಇಳಿದ ಈ ದೇಶದ ಪ್ರಧಾನಿ ಹೆರಾಲ್ಡ್ ಹೋಲ್ಟ್ ಮತ್ತೆ ಕಾಣಲೇ ಇಲ್ಲ. ದೇಹವೂ ಸಿಗಲಿಲ್ಲ. ಅವರ ನೆನಪಿಗೆ ಮೆಲ್ಬರ್ನ್‌ನವರು ಒಂದು ಈಜುಕೊಳಕ್ಕೆ ಅವರ ಹೆಸರಿಟ್ಟರು. ಇದನ್ನು ಕೇಳಿದ ದಿನ, ಈ ದೇಶದಲ್ಲಿ ನಾನು ಬದುಕಬಲ್ಲೆ ಅನಿಸಿತು.

ಮಾರ್ಡಿಯಾಲಾಕ್‌ನಿಂದ ದಕ್ಷಿಣಕ್ಕೆ ಆಸ್ಪೆಂಡೇಲ್, ಈಡಿತ್‌ವೇಲ್, ಚೆಲ್ಸಿ, ಬಾನ್‌ಬೀಚ್, ಕ್ಯಾರಮ್. ಇವೆಲ್ಲ ಕೂತಿರುವುದು ಉದ್ದನೆಯ ಒಂದು ಮರಳಿನ ಪಟ್ಟಿಯ ಮೇಲೆ. ಒಂದು ಬದಿಗೆ ಕೊಲ್ಲಿ. ಇನ್ನೊಂದು ಬದಿಗೆ ಹಿಂದೆ ದೊಡ್ಡ ಜೌಗು ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲುವೆ ತೋಡಿ ಅದರ ನೀರನ್ನು ಕಡಲಿಗೆ ಬಿಟ್ಟರು. ಹಾಗೆ ತೋಡಿದ್ದೇ ಈಗ ಪ್ಯಾಟರ್ಸನ್ ನದಿ ಎಂದು ಕರೆಸಿಕೊಂಡು ಗತ್ತಿನಲ್ಲಿ ಹರಿಯುತ್ತಿದೆ. ಉಳಿದ ಜೌಗಿನ ತುಣುಕುಗಳಿಗೆ ಈಗ ಜೌಗುಗಳನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದದ ರಾಮ್ಸಾರ್ ಮಾನ್ಯತೆ, ಹಕ್ಕಿ ನೋಡುವವರ ದಂಡು. ಕಡಲು, ಹೆದ್ದಾರಿ, ರೈಲು, ಆಚೆ ಮತ್ತೆ ನೀರು. ನಕ್ಷೆಯಲ್ಲಿ ನೋಡಿದ ಕೂಡಲೇ ನನ್ನ ಮನಸ್ಸು ಮರವಂತೆ ಎಂದು ಬರೆದುಕೊಂಡಿತು. ಹೋಗಿ ನೋಡಿದರೆ ಹೋಲಿಕೆ ನಕ್ಷೆಯಲ್ಲೇ ಮುಗಿದಿತ್ತು, ಆದರೆ ಅಷ್ಟು ಹೊತ್ತಿಗೆ ಚೆಲ್ಸಿ ಎಂದು ಬಾಯಿಂದ ಬಂದಾಗಿತ್ತು. ರೈಲು ಹಳಿಯನ್ನು ಕ್ಯಾರಮ್‌ನಲ್ಲಿ 2020ರಲ್ಲಿ ಮೇಲಕ್ಕೆತ್ತಿದ್ದಾರೆ. ಪ್ಲಾಟ್‌ಫಾರ್ಮಿನಿಂದ ಕಡಲು ಕಾಣುತ್ತದೆ. ರೈಲು ತಡವಾದರೂ ಅಲ್ಲಿ ಬೈಯುವವರು ಕಡಿಮೆ.

ಮನೆಯ ವಿಷಯಕ್ಕೆ ಬರೋಣ. ಇಲ್ಲಿ ಬಾಡಿಗೆಯ ಲೆಕ್ಕ ವಾರಕ್ಕೆ. ತಿಂಗಳ ಲೆಕ್ಕದ ತಲೆಗೆ ಮೊದಲು ಅದು ಅಗ್ಗವೆಂದೇ ಕಾಣುತ್ತದೆ. ಮನೆ ತೋರಿಸುವುದು ಶನಿವಾರ ಕಾಲು ಗಂಟೆ. ಬಾಗಿಲ ಮುಂದೆ ಸಾಲು, ಒಳಗೆ ಹೋದರೆ ಒಬ್ಬರ ಹೆಗಲು ಇನ್ನೊಬ್ಬರಿಗೆ. ಅರ್ಜಿಯಲ್ಲಿ ಹಿಂದಿನ ಬಾಡಿಗೆಯ ಚರಿತ್ರೆ ಕೇಳುತ್ತಾರೆ, ಹೊಸದಾಗಿ ಬಂದವರಿಗೆ ಚರಿತ್ರೆ ಎಲ್ಲಿಂದ ಬರಬೇಕು? ಈ ನಡುವೆ ಊರಿನಿಂದ ಮಾವನವರ ಫೋನು. ವಾಸ್ತು ನೋಡಿದಿರಾ?

ಇದು ಸರಳ ಪ್ರಶ್ನೆಯಲ್ಲ. ದಕ್ಷಿಣ ಗೋಳಾರ್ಧದಲ್ಲಿ ಸೂರ್ಯ ಸಾಗುವುದು ಉತ್ತರದ ಆಕಾಶದಲ್ಲಿ. ಹಾಗಾಗಿ ಇಲ್ಲಿನವರಿಗೆ ಉತ್ತರದ ಬಿಸಿಲು ಚಿನ್ನ. ಮನೆಯ ಹಿತ್ತಲು ಉತ್ತರಕ್ಕಿದ್ದರೆ ಜಾಹೀರಾತಿನಲ್ಲಿ ಅದನ್ನು ದೊಡ್ಡದಾಗಿ ಹಾಕುತ್ತಾರೆ. ನಮ್ಮವರು ಅದೇ ಉತ್ತರವನ್ನು ಮುಂಬಾಗಿಲಿಗೆ ಕೇಳುತ್ತಾರೆ, ಕುಬೇರನ ದಿಕ್ಕು ಅಂತ. ಒಂದೇ ಮನೆಗೆ ಎರಡು ಕಡೆಯಿಂದಲೂ ಉತ್ತರ ಸಿಗುವುದಿಲ್ಲವಲ್ಲ. ಇಲ್ಲಿ ವಾಸ್ತುವನ್ನೇ ತಲೆಕೆಳಗು ಮಾಡಬೇಕೆಂದು ವಾದಿಸುವವರೂ ಇದ್ದಾರೆ, ಕುಬೇರ ದೇಶ ಬಿಟ್ಟರೂ ದಿಕ್ಕು ಬಿಡುವುದಿಲ್ಲ ಅನ್ನುವವರೂ ಇದ್ದಾರೆ. ನಮಗೆ ಕೊನೆಗೆ ಸಿಕ್ಕ ಮನೆಯ ಬಾಗಿಲು ದಕ್ಷಿಣಕ್ಕೆ. "ಇಲ್ಲಿ ಅದೇ ಉತ್ತರ ಅಪ್ಪಾ" ಎಂದರು ಇವರು. ಮಾವನವರು ಸ್ವಲ್ಪ ಹೊತ್ತು ಯೋಚಿಸಿ, "ಇರಲಿ ಬಿಡು, ಬಾಡಿಗೆ ಮನೆ ತಾನೆ" ಎಂದರು.

ನನ್ನನ್ನು ಒಪ್ಪಿಸಿದ್ದು ಮನೆಯ ಮಾಡು. ನೂರು ವರ್ಷದ ಆಚೀಚಿನ ಹಳೆಯ ಮನೆಗಳಿಗೆ ಇಲ್ಲಿ ಕೆಂಪು ಹೆಂಚು ಹೊದಿಸಿರುತ್ತಾರೆ, ನೋಡಿದರೆ ಥೇಟ್ ನಮ್ಮ ಮಂಗಳೂರು ಹೆಂಚು. ಇಲ್ಲಿನವರು ಅದನ್ನು ಫ್ರಾನ್ಸಿನ ಮಾರ್ಸೇಲ್ ಊರಿನ ಹೆಸರಿನಿಂದ ಕರೆಯುತ್ತಾರೆ. ಮೊದಲು ಅಲ್ಲಿಂದಲೇ ಹಡಗಿನಲ್ಲಿ ಬಂದದ್ದಂತೆ, ಆಮೇಲೆ ಇಲ್ಲೇ ಸುಡತೊಡಗಿದರು. ಮಂಗಳೂರಿನಲ್ಲಿ 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಮಾಡಲು ತೊಡಗಿದಾಗಲೂ ಯುರೋಪಿನ ಅದೇ ಅಚ್ಚಿನ ವಂಶವೇ ಬಂದದ್ದು. ಹೀಗೆ ದಾಯಾದಿಗಳಾದ ಎರಡು ಹೆಂಚುಗಳು ಎರಡು ಕಡಲ ತಡಿಯಲ್ಲಿ ಕೂತಿವೆ. ಒಂದು 4,000 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ಹೊರುತ್ತದೆ. ಇನ್ನೊಂದರ ಪಾಲಿಗೆ ವರ್ಷಕ್ಕೆ 600ರ ಆಸುಪಾಸು. ಅಷ್ಟು ನಮ್ಮಲ್ಲಿ ಜೂನ್ ಮುಗಿಯುವುದರೊಳಗೆ ಬಿದ್ದಿರುತ್ತದೆ.

ಶಾಂತವಾದ ಸಬರ್ಬು ಅಂದರೇನು ಎಂಬುದು ಒಳಗೆ ಬಂದ ಮೇಲೆ ತಿಳಿಯುತ್ತದೆ. ಈ ರಾಜ್ಯದಲ್ಲಿ ಮನೆಯ ಸದ್ದಿಗೂ ಕಾನೂನಿದೆ. ಹುಲ್ಲು ಕತ್ತರಿಸುವ ಯಂತ್ರ, ಡ್ರಿಲ್ಲು, ಗರಗಸ, ಇವನ್ನೆಲ್ಲ ವಾರದ ದಿನಗಳಲ್ಲಿ ಬೆಳಿಗ್ಗೆ 7ಕ್ಕೆ ಮೊದಲು, ಶನಿವಾರ ಭಾನುವಾರ 9ಕ್ಕೆ ಮೊದಲು, ಯಾವ ದಿನವೂ ರಾತ್ರಿ 8ರ ಮೇಲೆ ಹಚ್ಚುವಂತಿಲ್ಲ. ನಮ್ಮ ಮಿಕ್ಸಿಯ ಹೆಸರು ಪಟ್ಟಿಯಲ್ಲಿಲ್ಲ. ಪಟ್ಟಿ ಬರೆದವರು ಅದನ್ನು ಕೇಳಿಲ್ಲ. ಊರಿನಿಂದ ತಂದ ಆ ಮಿಕ್ಸಿ ಪಿನ್ನು ಬದಲಾಯಿಸಿದ ಕೂಡಲೇ ಇಲ್ಲಿನ ಕರೆಂಟಿಗೆ ಸಲೀಸಾಗಿ ಹೊಂದಿಕೊಂಡಿತು, ಹೊಂದಿಕೊಳ್ಳುವುದರಲ್ಲಿ ನಮಗಿಂತ ಮುಂದೆ. ಬೆಳಿಗ್ಗೆ ಆರೂವರೆಗೆ ತೆಂಗಿನಕಾಯಿ ಚಟ್ನಿಗೆ ಅದನ್ನು ತಿರುಗಿಸಿದಾಗ ಇಡೀ ಬೀದಿಯಲ್ಲಿ ಅದೊಂದೇ ಸದ್ದು. ಪಕ್ಕದ ಮನೆಯ ಅಜ್ಜಿ ಒಂದು ದಿನ ಬೇಲಿಯ ಆಚೆಯಿಂದ, ಮನೆಯಲ್ಲಿ ಏನಾದರೂ ರಿಪೇರಿ ನಡೆದಿದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ನಾನು ಚಟ್ನಿಯನ್ನೇ ಒಂದು ಬಟ್ಟಲಲ್ಲಿ ಕೊಟ್ಟೆ. ಆಮೇಲೆ ಸದ್ದು ಬಾರದ ದಿನ ಅವರೇ ಕೇಳತೊಡಗಿದರು.

ಅಮ್ಮನಿಗೆ ಇದೆಲ್ಲ ಬೇಡ. ಫೋನಿನಲ್ಲಿ ಅವಳದು ಒಂದೇ ಪ್ರಶ್ನೆ: "ಅಲ್ಲ್ ಮೀನ್ ಸಿಕ್ಕತ್ತಾ ಹೆಣೆ?" ಸಿಗುತ್ತದೆ. ಆದರೆ ಹೇಗೆ ಸಿಗುತ್ತದೆ ಎಂದು ಅವಳಿಗೆ ಹೇಳುವುದು ಕಷ್ಟ. ಕಟ್ಟೆಯ ಮೇಲೆ ಗಾಳ ಹಾಕಲು ಲೈಸೆನ್ಸ್ ಬೇಕು. ಸ್ನ್ಯಾಪರ್ ಸಿಕ್ಕರೆ ಅಳೆಯಬೇಕು. 28 ಸೆಂಟಿಮೀಟರಿಗಿಂತ ಚಿಕ್ಕದಾದರೆ ಮತ್ತೆ ನೀರಿಗೆ. ದಡದ ಕಲ್ಲುಗಳಿಂದ ಚಿಪ್ಪು ಹೆಕ್ಕುವುದಂತೂ ಈ ಕೊಲ್ಲಿಯಲ್ಲಿ ಪೂರ್ತಿ ನಿಷಿದ್ಧ. ಇನ್ನು ನಮ್ಮ ಬೈಗೆಯ, ಅಂದರೆ ಬೂತಾಯಿ ಮೀನಿನ, ಹತ್ತಿರದ ನೆಂಟ, ಇಲ್ಲಿನ ಪಿಲ್ಚರ್ಡ್, ನನಗೆ ಮೊದಲು ಕಂಡದ್ದು ಗಾಳದ ಅಂಗಡಿಯಲ್ಲಿ. ಬೇರೆ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಎರೆಯಾಗಿ, ಮಂಜುಗಡ್ಡೆ ಹಿಡಿದ ಪ್ಯಾಕೆಟ್ಟಿನಲ್ಲಿ. ಬೈಗೆ ಪುಳಿಮುಂಚಿಗಾಗಿ ಜಗಳವಾಡಿಕೊಂಡು ಬೆಳೆದವಳಿಗೆ ಇದು ಸಣ್ಣ ಅವಮಾನವಲ್ಲ. ಅಂಗಡಿಯವನು ಯಾವ ಮೀನಿಗೆ ಗಾಳ ಹಾಕುತ್ತೀರಿ ಎಂದ. ಇದನ್ನೇ ತಿನ್ನುತ್ತೇವೆ ಎಂದು ಹೇಳಲು ಧೈರ್ಯ ಸಾಲದೆ, ಸ್ನ್ಯಾಪರ್ ಅಂದೆ. ಎರೆಗೆಂದು ಇಟ್ಟ ಮೀನು ಅಡುಗೆಗೆ ಯೋಗ್ಯವಲ್ಲವೆಂದು ಪ್ಯಾಕೆಟ್ಟಿನ ಮೇಲೇ ಬರೆದಿತ್ತು, ಹಾಗಾಗಿ ತರಲಿಲ್ಲ. ತಿನ್ನಲು ಅದೇ ಮೀನು ಸಾರ್ಡಿನ್ ಎಂಬ ಹೆಸರಿನಲ್ಲಿ ಡ್ಯಾಂಡಿನಾಂಗ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ.

ನಮ್ಮ ಶಾಂತಿಯ ಗುಟ್ಟೂ ಅದೇ ಡ್ಯಾಂಡಿನಾಂಗ್. ಕಡಲಿನಿಂದ ಒಳನಾಡಿಗೆ ಅರ್ಧ ಗಂಟೆಯ ದಾರಿ. ಅಲ್ಲಿ ಲಿಟಲ್ ಇಂಡಿಯಾ ಎಂಬ ಬೀದಿಯೇ ಇದೆ. ಕರಿಬೇವು, ಬ್ಯಾಡಗಿ ಮೆಣಸು, ಅವಲಕ್ಕಿ, ಸೀರೆ, ಚೌಕಾಸಿ, ಹಾರ್ನು ಬಿಟ್ಟು ಎಲ್ಲವೂ ಸಿಗುತ್ತದೆ. ಇನ್ನೊಂದು ದಿಕ್ಕಿಗೆ ಕ್ಯಾರಮ್ ಡೌನ್ಸ್‌ನಲ್ಲಿ ಶಿವ ವಿಷ್ಣು ದೇವಸ್ಥಾನ, ಒಂದೇ ಛಾವಣಿಯ ಕೆಳಗೆ ಹರಿಯೂ ಹರನೂ. ಊರಲ್ಲಿ ಬೇರೆ ಬೇರೆ ಗುಡಿಗಳಿಗೆ ಹೋಗುವವರು ಇಲ್ಲಿ ಒಂದೇ ಪಾರ್ಕಿಂಗಿಗೆ ಸುತ್ತು ಹೊಡೆಯುತ್ತಾರೆ. ಹಬ್ಬದ ದಿನ ಅಲ್ಲಿ ಎರಡು ಗಂಟೆ ಕಳೆದು ಬಂದರೆ ಇವರು ಬಯಸಿದ ಮೌನ ನನಗೂ ರುಚಿಸುತ್ತದೆ. ಗದ್ದಲ ಕೈಗೆಟುಕುವಷ್ಟು ದೂರದಲ್ಲಿ ಇಲ್ಲದಿದ್ದರೆ ಈ ಬೀದಿಯ ಸಂಜೆಗಳು ನನ್ನನ್ನು ತಿಂದುಹಾಕುತ್ತಿದ್ದವು. ಚಳಿಗಾಲದಲ್ಲಿ ಐದೂಕಾಲಿಗೆ ಕತ್ತಲು, ಅಂಗಡಿ ಬಂದ್, ಎಲ್ಲರೂ ಒಳಗೆ. ಕಡಲತಡಿಯಲ್ಲಿ ನಾಯಿ ಹಿಡಿದವರು ಇಬ್ಬರು. ಅದನ್ನು ಶಾಂತಿ ಅನ್ನುವುದೋ ಬಿಕೋ ಅನ್ನುವುದೋ, ಅವತ್ತು ಊರಿನಿಂದ ಫೋನು ಬಂದಿದೆಯೋ ಇಲ್ಲವೋ ಎಂಬುದರ ಮೇಲೆ ಹೋಗುತ್ತದೆ.

ಬೇಸಿಗೆ ಬಂದರೆ ಬೇರೆ ಕಥೆ. ಉತ್ತರದಿಂದ ಒಲೆಯ ಗಾಳಿ ಬೀಸಿ 40 ಡಿಗ್ರಿ ಆದ ದಿನ ಇಡೀ ಮೆಲ್ಬರ್ನ್ ನಮ್ಮ ರೈಲು ಹತ್ತುತ್ತದೆ. ಟಾರ್ನೀಟಿನಿಂದ, ಕ್ಲೈಡ್‌ನಿಂದ, "ಅಲ್ಲಿ ಯಾರಿದ್ದಾರೆ" ಎಂದವರೆಲ್ಲ ಚಾಪೆ, ಚಿತ್ರಾನ್ನ, ಮಕ್ಕಳ ಸಮೇತ ಬಂದಿಳಿಯುತ್ತಾರೆ. ರಾತ್ರಿ ಎಂಟೂ ಮುಕ್ಕಾಲರ ಹತ್ತಿರ ಸೂರ್ಯ ನೀರಿಗೆ ಇಳಿಯುವವರೆಗೆ ಯಾರೂ ಏಳುವುದಿಲ್ಲ. ಆಮೇಲೆ ದಕ್ಷಿಣದ ತಂಪು ಗಾಳಿ ನುಗ್ಗಿ, ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿ ಇಳಿದು, ಸ್ವೆಟರಿಗೆ ಪರದಾಡುತ್ತಾರೆ. ನಮ್ಮ ಮನೆಯ ಸ್ವೆಟರುಗಳು ಹಾಗೆ ಹೋದವು ಇನ್ನೂ ಬರಬೇಕು.

ಈ ಸಲ ಬಂದವರಲ್ಲಿ ಒಬ್ಬರು ಮೆಲ್ಲಗೆ ನನ್ನನ್ನು ಬದಿಗೆ ಕರೆದು, "ಇಲ್ಲಿ ಮನೆ ಎಷ್ಟಕ್ಕೆ ಹೋಗುತ್ತೆ?" ಎಂದು ಕೇಳಿದರು. ಬರುವ ಶನಿವಾರ ನಮ್ಮ ಬೀದಿಯ ಕೊನೆಯ ಮನೆ ಹರಾಜಿಗಿದೆ. ಹರಾಜೆಂದರೆ ಇಲ್ಲಿ ರಸ್ತೆಯಲ್ಲೇ. ಸೂಟು ತೊಟ್ಟವನು ಬೇಲಿಯ ಪಕ್ಕ ನಿಂತು ಕೂಗುತ್ತಾನೆ, ಕೊಳ್ಳುವವರು ನಾಲ್ಕು ಜನ, ನೋಡುವವರು ನಲವತ್ತು. ವರ್ಷವಿಡೀ ಬಾಗಿಲು ತೆರೆಯದವರೂ ಅವತ್ತು ಕಾಫಿ ಹಿಡಿದು ಹೊರಗೆ ಬರುತ್ತಾರೆ. ನಾವೂ ಹೋಗುತ್ತೇವೆ, ಕೊಳ್ಳುವ ತಾಕತ್ತು ಇಲ್ಲದಿದ್ದರೂ. ಅಜ್ಜಿ ಆಗಲೇ ತಮ್ಮ ಮಡಚುವ ಕುರ್ಚಿ ಒರೆಸಿಟ್ಟಿದ್ದಾರೆ, ನನಗೂ ಒಂದು ತರಲೇ ಎಂದು ಕೇಳಿದ್ದಾರೆ.